ವರ್ಲಿನ್ ಹೊಸತು ಉಂಡ ಮನೆ

ಮೊನ್ನೆ ಶನಿವಾರ ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಪಕ್ಕದ ಮನೆಯ, ಸಮೋವಾ ದ್ವೀಪದ ಅಜ್ಜಿ ತಮ್ಮ ಬಾರ್ಬೆಕ್ಯೂ ಒಲೆಯ ಮೇಲೆ ಏನನ್ನೋ ಸುಡುತ್ತಿದ್ದರು. ಮೊದಲು ಹೊಗೆ ಬಂತು, ಒಗೆದ ಬಟ್ಟೆಗೆ ಹಿಡಿಯುತ್ತದಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು. ಆಮೇಲೆ ಹೊಗೆಯ ಹಿಂದಿನಿಂದ ಆ ವಾಸನೆ ಬಂತು. ಸುಟ್ಟ ಗೆಣಸಿನ ಹಾಗೆ, ಆದರೆ ಅದಕ್ಕಿಂತ ಮೆತ್ತಗೆ. ಬೇಕರಿಯ ಬಾಗಿಲು ತೆರೆದಾಗ ಮೂಗಿಗೆ ಹೊಡೆಯುವ ಹಾಗೆ, ಆದರೆ ಅದರೊಳಗೆ ಹಸಿ ಮೇಣದ ಒಂದು ಎಳೆ. ಒದ್ದೆ ಟವೆಲು ಕೈಯಲ್ಲೇ ಉಳಿಯಿತು. ಜೀಗುಜ್ಜೆ! ಘಟ್ಟದ ಮೇಲಿನವರು ಬೇರು ಹಲಸು ಎನ್ನುವ ನಮ್ಮ ಕರಾವಳಿಯ ಜೀಗುಜ್ಜೆಯನ್ನು ಇಡಿಯಾಗಿ ಬೆಂಕಿಗೆ ಹಾಕಿ, ಸಿಪ್ಪೆ ಕರಿಯಾಗುವ ತನಕ ಸುಡುವುದನ್ನು ನಾನು ಬದುಕಿನಲ್ಲಿ ಇನ್ನೊಬ್ಬಳ ಕೈಯಲ್ಲಿ ಮಾತ್ರ ನೋಡಿದ್ದೆ. ಅಜ್ಜಿ ಬೇಲಿಯ ಮೇಲಿಂದ ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ಕೊಟ್ಟರು. ಅದನ್ನು ತಿನ್ನುವ ಮೊದಲು ದೇವರ ಮುಂದೆ ಇಟ್ಟೆ. ಹಾಗೇಕೆ ಇಟ್ಟೆ ಎಂದು ಗಂಡ ಕೇಳಿದರು. ಹೇಳಲು ಹೊರಟರೆ ಅದು ಒಂದು ಮಾತಿನಲ್ಲಿ ಮುಗಿಯುವಂಥದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನೀಗ ಇರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಆದರೆ ನಾನು ಬೆಳೆದ ಮನೆ ಇದ್ದದ್ದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ. ಈಗ ಸ್ಕೋಫೀಲ್ಡ್ಸ್ ಎಂದರೆ ಒಂದರ ಪಕ್ಕ ಒಂದು ಒತ್ತಿ ನಿಂತ ಹೊಸ ಮನೆಗಳು, ಮಾರ್ಟ್‌ಗೇಜು, ಗ್ಯಾರೇಜಿನ ಮುಂದೆ ಎರಡೆರಡು ಕಾರು. ನಾನು ಹೇಳುತ್ತಿರುವುದು ಎರಡು ಸಾವಿರದ ಆಚೀಚಿನ ಮಾತು. ಆಗ ಅಲ್ಲಿ ಕುದುರೆ ಮೇಯುವ ಬಯಲು, ಕೋಳಿ ಸಾಕುವ ಉದ್ದುದ್ದ ಶೆಡ್ಡುಗಳು, ಒಂದೇ ಹಳಿಯ ಮೇಲೆ ಹೋಗಿಬರುವ ರೈಲು. ಆ ಹಳಿಗೆ ಹತ್ತಿರ, ಫೈಬ್ರೋ ಹಲಗೆಯ ತೆಳು ಗೋಡೆಗಳ ಒಂದು ಹಳೆಯ ಮನೆಯನ್ನು ಅಪ್ಪ ರೆಂಟಿಗೆ ಹಿಡಿದಿದ್ದರು. ರೈಲು ಹೋದಾಗ ದೇವರ ಕಪಾಟಿನಲ್ಲಿದ್ದ ಕೃಷ್ಣನ ಪಟ ಒಂದಿಷ್ಟು ನಡುಗಿ ಸುಮ್ಮನಾಗುತ್ತಿತ್ತು. ಅಮ್ಮ ಅದನ್ನು ನೋಡಿ, "ಉಡುಪಿಯಲ್ಲಿ ಕಿಂಡಿಯಿಂದ ನೋಡ್ತಾನೆ, ಇಲ್ಲಿ ತಲೆ ಆಡಿಸ್ತಾನೆ" ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಒಲೆಯಂತೆ ಕಾಯುವ, ಚಳಿಗಾಲದಲ್ಲಿ ಒಳಗೂ ಸ್ವೆಟರ್ ಹಾಕಿಕೊಂಡೇ ಇರಬೇಕಾದ ಮನೆ ಅದು. ಅದು ಈಗಿಲ್ಲ. ಕೆಡವಿ ಆ ಜಾಗದಲ್ಲಿ ನಾಲ್ಕು ಮನೆ ಕಟ್ಟಿದ್ದಾರಂತೆ. ಇಂಥ ಮನೆಯೊಂದನ್ನು ನೀವೂ ಕಳೆದುಕೊಂಡಿದ್ದರೆ ನಿಮಗೆ ಗೊತ್ತಿರುತ್ತದೆ, ಗೋಡೆ ಹೋದದ್ದಕ್ಕೆ ಅಷ್ಟು ನೋವಾಗುವುದಿಲ್ಲ. ಆ ಗೋಡೆಯೊಳಗೆ ಒಂದು ದಿನ ಆಡಿದ ಮಾತು ಈಗ ಎಲ್ಲಿಗೆ ಹೋಗಿ ನಿಂತಿತು ಎಂದೇ ಸಂಕಟ.

ಅಪ್ಪ ಉಡುಪಿಯ ಹತ್ತಿರದವರು. ಊರಲ್ಲಿ ಹೋಟೆಲಿನ ಅಡುಗೆ ಗೊತ್ತಿದ್ದವರು, ಇಲ್ಲಿಗೆ ಬಂದದ್ದು ಸ್ಟೂಡೆಂಟ್ ಆಗಿ, ಅಡುಗೆ ಕೋರ್ಸಿಗೆ. ಮೂವತ್ತು ದಾಟಿದ ಮೇಲೆ ಬ್ಯಾಗು ಹಾಕಿಕೊಂಡು ಕಾಲೇಜಿಗೆ ಹೋದರು. ಕೋರ್ಸು ಮುಗಿಸಿ ಒಂದು ಬೇಕರಿ ಸೇರಿದರು, ಇಲ್ಲೇ ಕಾಯಂ ಉಳಿಯಲು ಬೇಕಾದ ಪಿಆರ್‌ಗೆ ಹಾಕಿದರು. ಅಮ್ಮ, ನಾನು ಅವರ ಹಿಂದೆ ಬಂದವರು. ನಾನು ಆಗ ಏಳರ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು. ಓದಲು ಬರೆಯಲು ಕನ್ನಡವನ್ನು ಅಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಿಯಲ್ಲಿ ಬೆರಳಾಡಿಸಿ ಕಲಿಸಿದಳು. ಅಪ್ಪ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕರಿಯ ಟ್ರೇ ತಗುಲಿ ಅವರ ಮುಂಗೈ ತುಂಬ ಸುಟ್ಟ ಗೆರೆಗಳಿದ್ದವು. ಆ ಕೈಯಲ್ಲೇ ನನಗೆ ಜಡೆ ಹಾಕುತ್ತಿದ್ದರು. ಅದೂ ನಿಜ, ಮುಂದೆ ಹೇಳುವುದೂ ನಿಜ.

ಹಿಂದಿನ ಕೋಣೆ ಖಾಲಿ ಇತ್ತು. ಅದಕ್ಕೆ ಒಬ್ಬರನ್ನು ಇಟ್ಟುಕೊಂಡರೆ ರೆಂಟಿಗೆ ಆಸರೆಯಾಗುತ್ತದೆ ಎಂದು ಅಪ್ಪ ಹೇಳಿದರು. ಹಾಗೆ ಬಂದವಳು ವರ್ಲಿನ್. ಕೆರೀಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ಎಂಬ ಪುಟ್ಟ ದ್ವೀಪದವಳು. ಅಂಥ ಸಣ್ಣ ಸಣ್ಣ ದ್ವೀಪಗಳ ಮಕ್ಕಳಿಗೆಂದೇ ಇದ್ದ ಒಂದು ಸ್ಕಾಲರ್‌ಶಿಪ್‌ನಲ್ಲಿ, ಆಹಾರ ಕೆಡದಂತೆ ಕಾಪಾಡುವ ವಿದ್ಯೆ ಓದಲು ಬಂದಿದ್ದಳು. ರಿಚ್‌ಮಂಡ್ ಕಡೆಯ ರೈಲು ಹಿಡಿದು ಕಾಲೇಜಿಗೆ ಹೋಗುತ್ತಿದ್ದಳು. ಕಪ್ಪಗೆ, ಎತ್ತರಕ್ಕೆ, ನಕ್ಕರೆ ಫೈಬ್ರೋ ಗೋಡೆ ಅದುರುವ ಹಾಗಿದ್ದಳು. ಬಂದ ದಿನ ಅಮ್ಮನಿಗೆ ಭಯ. ನನ್ನನ್ನು ಪಕ್ಕಕ್ಕೆ ಎಳೆದು, "ಎಂತ ಮಾತಾಡುದು ಮಾರಾಯ್ತಿ ಇವಳ ಹತ್ರ? ಎಂತ ತಿಂತಾಳೋ ಏನೋ" ಎಂದಳು. ಆ ಚಿಂತೆ ಒಂದು ವಾರವೂ ಬಾಳಲಿಲ್ಲ. ಅಪ್ಪ ಬ್ಲ್ಯಾಕ್‌ಟೌನಿನ ಫಿಜಿಯವರ ಅಂಗಡಿಯಲ್ಲಿ ಜೀಗುಜ್ಜೆ ಕಂಡು, ಆಸೆಪಟ್ಟು, ಹಿಟ್ಟಿನಲ್ಲಿ ಅದ್ದಿ ಕರಿಯುವ ಪೋಡಿ ಮಾಡಿಸಲು ತಂದಿದ್ದರು. ಅದನ್ನು ಮೇಜಿನ ಮೇಲೆ ಕಂಡದ್ದೇ ವರ್ಲಿನ್ ಎರಡೂ ಕೈಯಲ್ಲಿ ಎತ್ತಿ ಮಗುವಿನಂತೆ ಎದೆಗೊತ್ತಿಕೊಂಡಳು. "ಆಂಟೀ, ಇದು ನನ್ನ ಊರು!" ಎಂದು ಕೂಗಿದಳು. ಅಮ್ಮನೂ ಬಿಡಲಿಲ್ಲ. "ನಿನ್ನ ಊರು ಅಂತೆ. ಇದು ನಮ್ಮ ಜೀಗುಜ್ಜೆ!"

ಆ ದಿನ ಹಿತ್ತಿಲಲ್ಲಿ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಬೆಂಕಿ ಮಾಡಿ ವರ್ಲಿನ್ ಅದನ್ನು ಇಡಿಯಾಗಿ ಸುಟ್ಟಳು. ಅಮ್ಮ ಬಾಗಿಲಲ್ಲಿ ನಿಂತು, "ಅಯ್ಯಯ್ಯೋ, ಕರಿ ಮಾಡಿಬಿಟ್ಟಳು! ಒಳ್ಳೇ ಕಾಯಿ ಹೋಯ್ತು" ಎಂದು ತಲೆ ಮೇಲೆ ಕೈ ಇಟ್ಟುಕೊಂಡಳು. ಕರಿ ಸಿಪ್ಪೆ ಸುಲಿದಾಗ ಒಳಗಿನಿಂದ ಹೊಂಬಣ್ಣದ ಮೆತ್ತನೆಯ ಬಿಸಿ ತಿರುಳು. ಅದಕ್ಕೆ ಅಮ್ಮನ ತೆಂಗಿನೆಣ್ಣೆ, ಉಪ್ಪು; ಪಕ್ಕಕ್ಕೆ ಹುರಿದ ಮೀನು. ಅಮ್ಮ ಮೊದಲ ತುತ್ತು ತಿಂದು ಕಣ್ಣು ಮುಚ್ಚಿದಳು. ಆಮೇಲೆ ಅವರಿಬ್ಬರ ಮಾತು ನಿಂತದ್ದೇ ಇಲ್ಲ, ಅಮ್ಮನ ಅರ್ಧ ಇಂಗ್ಲಿಷಿನಲ್ಲಿ, ವರ್ಲಿನ್ನಳ ಕುಣಿಯುವ ಇಂಗ್ಲಿಷಿನಲ್ಲಿ. ಅವಳ ದ್ವೀಪದಲ್ಲಿ ಜೀಗುಜ್ಜೆಯ ಕಾಲ ಬಂದರೆ ಮರದಡಿ ಬಿದ್ದು ಬಿದ್ದು ಕೊಳೆಯುತ್ತದಂತೆ. ಕಾಲ ಮುಗಿದರೆ ಹಡಗಿನಲ್ಲಿ ಬಂದ ಗೋಧಿ ಹಿಟ್ಟಿಗೆ ಜನ ಕಾಯಬೇಕಂತೆ. ಕಲಿತು ಹೋಗಿ, ಅದನ್ನು ಒಣಗಿಸಿ ಹಿಟ್ಟು ಮಾಡಿ ವರ್ಷವಿಡೀ ಉಳಿಯುವ ಹಾಗೆ ಮಾಡಬೇಕು, ತನ್ನ ಅಜ್ಜಿಯ ಮನೆಯ ಪಕ್ಕದಲ್ಲೇ ಒಂದು ಶೆಡ್ಡು ಹಾಕಬೇಕು ಎನ್ನುತ್ತಿದ್ದಳು. ಸ್ಕಾಲರ್‌ಶಿಪ್ಪಿನವರ ಶರತ್ತೂ ಅದೇ: ಓದು ಮುಗಿದ ಮೇಲೆ ಊರಿಗೆ ಮರಳಬೇಕು. ಬೇರೆಯವರೆಲ್ಲ ಇಲ್ಲೇ ಉಳಿಯುವುದಕ್ಕೆ ದಾರಿ ಹುಡುಕುತ್ತಿದ್ದ ಆ ಮನೆಯಲ್ಲಿ, ಮರಳುವುದಕ್ಕೆ ಓದುತ್ತಿದ್ದವಳು ಅವಳೊಬ್ಬಳೇ. ಅಮ್ಮ ಅವಳಿಗೆ ಹಪ್ಪಳ ಒತ್ತುವುದನ್ನು, ಸಂಡಿಗೆ ಒಣಗಿಸುವುದನ್ನು ತೋರಿಸಿದಳು. ಹಿತ್ತಿಲ ಬಟ್ಟೆ ಹಗ್ಗದ ಕೆಳಗೆ ಹಾಸಿದ ಹಳೇ ಸೀರೆಯ ಮೇಲೆ ಜೀಗುಜ್ಜೆಯ ತೆಳು ಹೋಳುಗಳು ಒಣಗುತ್ತಿದ್ದವು. ಕಾಗೆ ಬಾರದಂತೆ ಕಾಯುವ ಕೆಲಸ ನನ್ನದು.

ಅದೇ ವರ್ಷದ ನವರಾತ್ರಿಯಲ್ಲಿ ಅಮ್ಮನಿಗೆ ಹೊಸತು ಉಣ್ಣಬೇಕೆಂದು ಹಠ ಬಂತು. ನಮ್ಮ ಕಡೆ ಹೊಸ ಭತ್ತದ ಕದಿರು ಮನೆಗೆ ತಂದು, ಬಾಗಿಲಿಗೆ, ಅಕ್ಕಿ ಪೆಟ್ಟಿಗೆಗೆ, ತುಳಸಿಕಟ್ಟೆಗೆ ಎಲೆಗಳ ಜೊತೆ ಕಟ್ಟಿ, ಹೊಸ ಅಕ್ಕಿಯ ಅನ್ನ ಉಣ್ಣುವ ದಿನ ಅದು. ಕಟ್ಟಿದ ಕದಿರು ಮುಂದಿನ ವರ್ಷದ ತನಕ ಅಲ್ಲೇ ಇರುತ್ತದೆ. ಸಿಡ್ನಿಯಲ್ಲಿ ಭತ್ತ ಎಲ್ಲಿಂದ ಬರಬೇಕು? ಊರಿಂದ ತರಿಸಿದರೆ ಏರ್‌ಪೋರ್ಟಿನಲ್ಲೇ ಕಸಕ್ಕೆ ಹಾಕುತ್ತಾರೆ. ಅಮ್ಮ ರೈಲು ಹಳಿಯ ಬೇಲಿ ಬದಿಯಲ್ಲಿ ಕದಿರು ಬಿಟ್ಟಿದ್ದ ಹುಲ್ಲೊಂದನ್ನು ಕಂಡಿದ್ದಳು. ಥೇಟ್ ಭತ್ತದ ಹಾಗೆ ಬಾಗಿ ತೂಗುವ ಕದಿರು. ನಾವು ಮೂವರೂ ಹೋಗಿ ಕೊಯ್ದು ತಂದೆವು. ಮಾವಿನೆಲೆ ಇಲ್ಲದ್ದಕ್ಕೆ ನಿಂಬೆ ಎಲೆ, ನಾರು ಇಲ್ಲದ್ದಕ್ಕೆ ಉಲ್ಲನ್ ದಾರ. ಮುಂಬಾಗಿಲಿಗೆ, ಫ್ರಿಜ್ಜಿನ ಹಿಡಿಗೆ, ಲೆಟರ್ ಬಾಕ್ಸಿಗೆ, ಅಪ್ಪನ ಕಾರಿನ ಕನ್ನಡಿಗೆ, ಎಲ್ಲಕ್ಕೂ ಒಂದೊಂದು. ಎದುರಿನ ಬಯಲಲ್ಲಿ ಕುದುರೆ ಸಾಕಿದ್ದ ಮುದುಕ ಲೆಟರ್ ಬಾಕ್ಸು ನೋಡಿ, "ಅದು ಕಾಡು ಓಟ್ಸ್ ಮೇಟ್, ನನ್ನ ಕುದುರೆ ತಿನ್ನುತ್ತೆ" ಎಂದ. ಅಮ್ಮ ಸೋಲಲಿಲ್ಲ: "ಕುದುರೆ ತಿಂದ್ರೆ ಎಂತ? ಕುದುರೆಗೂ ದೇವರೇ ಕೊಟ್ಟದ್ದಲ್ವಾ?" ವರ್ಲಿನ್ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗು ನಿಂತ ಮೇಲೆ ಹಿಂದಿನ ಕೋಣೆಯ ಬಾಗಿಲು ತೋರಿಸಿ ಮೆಲ್ಲಗೆ ಕೇಳಿದಳು, "ಆಂಟೀ, ನನ್ನ ಬಾಗಿಲಿಗೆ?" ಅಮ್ಮ ನಾಲಿಗೆ ಕಚ್ಚಿಕೊಂಡು ಎಲ್ಲಕ್ಕಿಂತ ದಪ್ಪದ ಕದಿರನ್ನು ಅಲ್ಲಿ ಕಟ್ಟಿದಳು.

ಊಟಕ್ಕೆ ಕೂತಾಗ ಒಂದು ಪದ್ಧತಿ ಉಂಟು. ಹೊಸತನ್ನು ಯಾರೂ ಸುಮ್ಮನೆ ಬಾಯಿಗೆ ಹಾಕುವಂತಿಲ್ಲ. ಕಿರಿಯರು ಒಬ್ಬೊಬ್ಬ ಹಿರಿಯರ ಮುಂದೆಯೂ ತುಳುವಿನಲ್ಲಿ "ಪೊಸ ಉಣ್ಪೆ", ಅಂದರೆ ಹೊಸತು ಉಣ್ಣುತ್ತೇನೆ, ಎನ್ನಬೇಕು. ಹಿರಿಯರು "ಉಣ್ಲ", ಅಂದರೆ ಉಣ್ಣು, ಎಂದ ಮೇಲೇ ತುತ್ತು. ಹಾಗೆ ಕೇಳಿದವರು, ಹಾಗೆ ಹೇಳಿಸಿಕೊಂಡವರು ಒಂದು ಮನೆಯವರು. ಆ ವರ್ಷದ ಅನ್ನದಲ್ಲಿ ಅವರಿಗೂ ಪಾಲು, ದೂರ ಹೋದರೆ ಅವರ ಎಲೆ ಹಾಕಿ ಬಡಿಸಬೇಕು. ಅಮ್ಮ ಇದನ್ನೆಲ್ಲ ವಿವರಿಸಿದಾಗ ವರ್ಲಿನ್ ನಗಲಿಲ್ಲ. ಬಟ್ಟೆ ಸರಿಮಾಡಿಕೊಂಡು, ಅಪ್ಪನ ಮುಂದೆ ನೆಲಕ್ಕೆ ಮಂಡಿಯೂರಿ, ಇಗರ್ಜಿಯಲ್ಲಿ ಕೂರುವಂತೆ ಕೂತು, "ಪೋಸಾ ಉನ್ಪೇ, ಅಂಕಲ್" ಎಂದಳು. ಅಪ್ಪ ಸುಟ್ಟ ಗೆರೆಯ ಆ ಕೈಯನ್ನು ಅವಳ ತಲೆಯ ಮೇಲಿಟ್ಟು "ಉಣ್ಲ" ಎಂದರು. ಆಮೇಲೆ ನಾನು ಅವಳನ್ನೂ ಕೇಳಬೇಕಾಯಿತು, ನನಗಿಂತ ದೊಡ್ಡವಳಲ್ಲವೇ. ನಾನು ಕೇಳಿದಾಗ ಅವಳು ನನ್ನ ಗಲ್ಲ ಹಿಡಿದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಉನ್ಲಾ, ಡಾರ್ಲಿನ್."

ಮರುವರ್ಷ ಜೂನಿನಲ್ಲಿ, ಇಲ್ಲಿ ಚಳಿ ಶುರುವಾಗುವ ಹೊತ್ತಿಗೆ, ತಮ್ಮ ಹುಟ್ಟಿದ. ಅಮ್ಮನಿಗೆ ಬಿಪಿ ಏರಿ, ಹೆರಿಗೆ ಕಷ್ಟವಾಗಿ, ಮನೆಗೆ ಬಂದ ಮೇಲೂ ಗೋಡೆ ಹಿಡಿದು ನಡೆಯುವ ಸ್ಥಿತಿ. ಬಾಣಂತನಕ್ಕೆ ಬರಬೇಕಿದ್ದ ಅಜ್ಜಿಗೆ ವೀಸಾ ಆಗಲಿಲ್ಲ. ಅಪ್ಪ ಬೇಕರಿ ಬಿಟ್ಟು ಇರುವಂತಿರಲಿಲ್ಲ. ಅಡುಗೆಮನೆಯಲ್ಲಿ ಅಪ್ಪ ತಲೆ ಹಿಡಿದು ಕೂತಿದ್ದಾಗ ವರ್ಲಿನ್ ಬಂದು, "ಅಂಕಲ್, ನನ್ನ ಅಜ್ಜಿ ಸೂಲಗಿತ್ತಿ, ಊರಿನ ಮಕ್ಕಳನ್ನೆಲ್ಲ ಹುಟ್ಟುವಾಗ ಕೈಯಲ್ಲಿ ಹಿಡಿದವಳು. ನನಗೆ ಗೊತ್ತು, ನಾನಿದ್ದೇನೆ" ಎಂದಳು. ಹೌದು, ಅವಳಿಗೆ ಗೊತ್ತಿತ್ತು. ಎಣ್ಣೆ ಬಿಸಿ ಮಾಡಿ ಅಮ್ಮನ ಬೆನ್ನು ತಿಕ್ಕುವುದು, ಬಿಸಿನೀರು ಎರೆಯುವುದು, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವುದು, ಎಲ್ಲ ಅವಳ ಊರಿನಲ್ಲೂ ಉಂಟು. ಅಮ್ಮ ಮಲಗಿದಲ್ಲಿಂದ, "ದೇವರು ಸಮುದ್ರದ ಆಚೆಯಿಂದ ಕಳಿಸಿದ ಮಾರಾಯ್ತಿ ಇವಳನ್ನು" ಎನ್ನುತ್ತಿದ್ದಳು. ತಮ್ಮನನ್ನು ಲಾಂಡ್ರಿಯ ತೊಟ್ಟಿಯಲ್ಲಿ ಮೀಯಿಸಿ, ಕಾಲು ಚಾಚಿ ಕೂತು ಎಣ್ಣೆ ಹಚ್ಚುವಾಗ ಅವಳು ಹಾಡುತ್ತಿದ್ದ ಹಾಡುಗಳಲ್ಲಿ ಏಸುವೂ ಇದ್ದ, ಅಮ್ಮನಿಂದ ಕಲಿತ ಕೃಷ್ಣನೂ ಇದ್ದ. ಇದರ ನಡುವೆ ಅವಳ ಕಾಲೇಜಿನ ರೈಲುಗಳು ಮನೆಯ ಮುಂದಿನಿಂದ ಅವಳಿಲ್ಲದೆ ಹೋಗುತ್ತಿದ್ದವು. "ಕ್ಲಾಸು?" ಎಂದು ನಾನು ಕೇಳಿದರೆ "ಕ್ಲಾಸು ಕಾಯುತ್ತೆ ಡಾರ್ಲಿನ್, ಕೂಸು ಕಾಯೋದಿಲ್ಲ" ಎನ್ನುತ್ತಿದ್ದಳು. ಕ್ಲಾಸು ಕಾಯಲಿಲ್ಲ. ಲ್ಯಾಬಿನ ಕೆಲಸ ತಪ್ಪಿತು, ಪರೀಕ್ಷೆಗೂ ಹೋಗಲಾಗಲಿಲ್ಲ. ಆಗಸ್ಟಿನ ಹೊತ್ತಿಗೆ ಸ್ಕಾಲರ್‌ಶಿಪ್ಪಿನವರು ಅವಳನ್ನು ಕರೆದು ಕೇಳಿದರು.

ಅವಳು ಬಂದು ಹೇಳಿದ್ದು ಇಷ್ಟು: ಮನೆಯಲ್ಲಿ ಕಾಯಿಲೆ, ಕಷ್ಟ ಇದ್ದರೆ ಅವರು ಮತ್ತೊಂದು ಅವಕಾಶ ಕೊಡುತ್ತಾರೆ. ಆದರೆ ಅವಳ ಮಾತೊಂದೇ ಸಾಲದು. ಆಫೀಸಿನಿಂದ ಮನೆಗೆ ಫೋನ್ ಮಾಡುತ್ತಾರೆ. ಮನೆಯವರೊಬ್ಬರು ಹೌದು, ಇವಳು ನಮ್ಮ ಬಾಣಂತನಕ್ಕೆ ನಿಂತಳು ಎಂದು ಹೇಳಿದರೆ ಸಾಕು. ಹೇಳದಿದ್ದರೆ ಸ್ಕಾಲರ್‌ಶಿಪ್ ನಿಂತು, ಓದು ಅರ್ಧಕ್ಕೆ ಬಿಟ್ಟು ಅವಳು ಊರಿಗೆ. ಅಪ್ಪ ಚಹಾ ಲೋಟ ಕೆಳಗಿಟ್ಟು, "ಅಷ್ಟೇ ಅಲ್ವಾ? ನಾನು ಹೇಳ್ತೇನೆ. ನೀನು ಹೆದರ್ಬೇಡ" ಎಂದರು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ವರ್ಲಿನ್ ತಮ್ಮನನ್ನು ಮೇಲಕ್ಕೆ ಎತ್ತಿ ತಿರುಗಿಸಿ, "ಕೇಳಿದೆಯಾ, ಲಿಟಲ್ ಮ್ಯಾನ್? ನಿನ್ನ ಅಪ್ಪ ಹೇಳ್ತಾರಂತೆ" ಎಂದಳು. ಆ ಸಂಜೆ ಆ ತೆಳು ಗೋಡೆಯ ಮನೆ ಎಷ್ಟು ಬೆಚ್ಚಗಿತ್ತೆಂದರೆ ನಾನು ಸ್ವೆಟರ್ ಬಿಚ್ಚಿಟ್ಟಿದ್ದೆ ಎಂದು ನನಗೆ ನೆನಪು. ಅದು ನಿಜವಿರಲಾರದು, ಸಿಡ್ನಿಯ ಆಗಸ್ಟು ಅಷ್ಟು ಬೆಚ್ಚಗಿರುವುದಿಲ್ಲ. ಆದರೂ ನೆನಪು ಹಾಗೇ ಇದೆ.

ನಡುವೆ ಬೇಕರಿಯಲ್ಲಿ ಯಾರೋ ಅಪ್ಪನನ್ನು ಹೆದರಿಸಿದ್ದರಂತೆ. ಸ್ಕಾಲರ್‌ಶಿಪ್ಪಿನ ಹುಡುಗಿಯನ್ನು ಮನೆಗೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂದು ಬರೆದುಕೊಂಡರೆ? ಮನೆಯ ಓನರಿಗೆ ಹೇಳದೆ ಕೋಣೆ ಕೊಟ್ಟದ್ದೂ ಹೊರಬಂದರೆ? ಪಿಆರ್ ಫೈಲು ಆಫೀಸಿನಲ್ಲಿ ತೆರೆದು ಕೂತಿರುವಾಗ? ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಮ್ಮನ ಬಾಯಿಂದ. ಆ ದಿನ ನನಗೆ ಗೊತ್ತಿದ್ದದ್ದು ಇಷ್ಟೇ: ಬೆಳಗಿನ ಬಿಸಿಲು ಹಜಾರಕ್ಕೆ ಬಿದ್ದಿತ್ತು, ಫೋನ್ ಹೊಡೆಯಿತು, ಅಪ್ಪ ಎತ್ತಿದರು. ಹಜಾರದ ಪಕ್ಕದಲ್ಲೇ ಲಾಂಡ್ರಿ, ಅದರ ಬಾಗಿಲು ತೆರೆದಿತ್ತು. ಒಳಗೆ ವರ್ಲಿನ್ ತಮ್ಮನನ್ನು ಮೀಯಿಸುತ್ತಿದ್ದಳು, ನಾನು ಟವೆಲು ಹಿಡಿದು ನಿಂತಿದ್ದೆ. ಫೋನಿನ ಸದ್ದಿಗೆ ಅವಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅಪ್ಪ ಆಫೀಸಿನವರ ಹತ್ತಿರ ಮಾತಾಡುವಾಗ ಯಾವಾಗಲೂ ಮಾಡುವಂತೆ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಹೇಳಿದರು: "ಯೆಸ್ ಮೇಡಂ. ನೋ ಮೇಡಂ, ಶೀ ಈಸ್ ಓನ್ಲಿ ಟೆನೆಂಟ್. ಹರ್ ಸ್ಟಡೀಸ್ ವಿ ಡೋಂಟ್ ನೋ. ನೋ, ನೋ, ನೋ ವರ್ಕ್ ಇನ್ ಅವರ್ ಹೌಸ್. ಮೈ ವೈಫ್ ಡಿಡ್ ಎವ್ರಿಥಿಂಗ್ ಬೈ ಹರ್‌ಸೆಲ್ಫ್."

ವರ್ಲಿನ್ನಳ ಕೈ ನಿಲ್ಲಲಿಲ್ಲ. ಚೊಂಬಿನಲ್ಲಿದ್ದ ನೀರು ಹಾಗೇ ತಮ್ಮನ ತಲೆಯ ಮೇಲೆ, ಕಣ್ಣಿಗೆ ಹೋಗದಂತೆ ಹಣೆಗೆ ಅಡ್ಡ ಹಿಡಿದ ಅಂಗೈಯ ಮೇಲೆ, ಸಣ್ಣಗೆ ಇಳಿಯುತ್ತಲೇ ಇತ್ತು. ಹಾಡು ಮಾತ್ರ ನಿಂತಿತು. ಮೀಯಿಸಿ ಮುಗಿಸಿದಳು. ನನ್ನ ಕೈಯಿಂದ ಟವೆಲು ತೆಗೆದುಕೊಂಡು ಒರೆಸಿದಳು; ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ, ಒಂದು ಕಡೆಯೂ ಒದ್ದೆ ಬಿಡಲಿಲ್ಲ. ದೃಷ್ಟಿಯಾಗದಂತೆ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ಅಮ್ಮನ ಮಡಿಲಿಗೆ ಒಯ್ದು ಕೊಟ್ಟಳು. ಅಮ್ಮನಿಗೂ ಎಲ್ಲ ಕೇಳಿಸಿತ್ತು, ಅದು ಅಂಥ ಗೋಡೆಗಳ ಮನೆ. ಅಮ್ಮ ತಲೆ ಎತ್ತಲಿಲ್ಲ. ಆಮೇಲೆ ವರ್ಲಿನ್ ಹಜಾರಕ್ಕೆ ಬಂದು ಅಪ್ಪನ ಮುಂದೆ ನಿಂತು, ದನಿ ಏರಿಸದೆ ಹೇಳಿದಳು: "ಅಂಕಲ್, ನೀವು ನನಗೆ ಉಣ್ಲ ಅಂದಿದ್ದಿರಿ."

ಅಪ್ಪ ನೆಲದ ಲಿನೋಲಿಯಂ ನೋಡುತ್ತಾ, "ಪಿಆರ್ ಫೈಲು ಒಳಗಿದೆ ವರ್ಲಿನ್. ಯು ಅಂಡರ್‌ಸ್ಟ್ಯಾಂಡ್" ಎಂದರು.

"ಯೆಸ್ ಅಂಕಲ್," ಎಂದಳು ಅವಳು. "ಐ ಅಂಡರ್‌ಸ್ಟ್ಯಾಂಡ್ ವೆರಿ ವೆಲ್."

ಅವಳು ಹೊರಟ ದಿನ ಅಪ್ಪ ಬೇಕರಿಗೆ ಹೋಗಿದ್ದರು. ಅಮ್ಮ ತಮ್ಮನನ್ನು ಶಾಲಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿನ ತನಕ ನಡೆದಳು, ಹೆರಿಗೆಯ ನಂತರ ಅಷ್ಟು ದೂರ ನಡೆದದ್ದು ಅದೇ ಮೊದಲು. ಹಪ್ಪಳದ ಕಟ್ಟೊಂದನ್ನು ವರ್ಲಿನ್ನಳ ಕೈಗಿತ್ತಳು. ವರ್ಲಿನ್ ತಮ್ಮನ ತಲೆಯನ್ನು ಮೂಸಿದಳು. ನನ್ನ ಗಲ್ಲ ಹಿಡಿದಳು, ಆದರೆ ಡಾರ್ಲಿನ್ ಎನ್ನಲಿಲ್ಲ. ರೈಲು ರಿಚ್‌ಮಂಡ್ ಕಡೆಗಲ್ಲ, ಸಿಟಿಯ ಕಡೆಗೆ ಹೋಯಿತು. ಮನೆಗೆ ಬಂದು ನೋಡಿದರೆ ಹಿಂದಿನ ಕೋಣೆಯ ಬಾಗಿಲಲ್ಲಿ ಉಲ್ಲನ್ ದಾರದ ಗಂಟು ಮಾತ್ರ ನೇತಾಡುತ್ತಿತ್ತು. ಒಣಗಿದ ಕದಿರನ್ನು ಅವಳು ಬಿಚ್ಚಿಕೊಂಡು ಹೋಗಿದ್ದಳು. ಅಷ್ಟಾದರೂ ತೆಗೆದುಕೊಂಡು ಹೋದಳಲ್ಲ ಎಂದು ಅಮ್ಮ ಆ ಬಾಗಿಲಿಗೆ ಹಣೆಯಿಟ್ಟು ಅತ್ತಳು. ಸಂಜೆ ಅಪ್ಪ ಬಂದಾಗ ಒಂದೇ ಮಾತು ಕೇಳಿದಳು. "ನಿನ್ನ ಹೆಂಡ್ತಿಯ ಬಾಣಂತನ ಯಾರು ಮಾಡಿದ್ದು ಅಂತ ನಾಳೆ ದೇವರು ಕೇಳಿದ್ರೆ ಎಂತ ಹೇಳ್ತೀರಿ?"

"ಪಿಆರ್ ಬರ್ಲಿ," ಎಂದರು ಅಪ್ಪ. "ದೇವರ ಹತ್ರ ಆಮೇಲೆ ನಾನೇ ಮಾತಾಡ್ತೇನೆ."

ಆ ನವರಾತ್ರಿಗೆ ಅಮ್ಮ ಮತ್ತೆ ಹಳಿಯ ಬದಿಯ ಓಟ್ಸ್ ಕೊಯ್ದು ತಂದಳು. ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿದಳು. ಅಪ್ಪ ಅದನ್ನು ನೋಡಿದರು, ಯಾರದೆಂದು ಕೇಳಲಿಲ್ಲ. ನನ್ನ ಸರದಿ ಬಂದಾಗ ನಾನು "ಪೊಸ ಉಣ್ಪೆ" ಎಂದೆ, ಅಪ್ಪ "ಉಣ್ಲ" ಎಂದರು. ಹಿಂದಿನ ವರ್ಷದ ದನಿಯೇ, ಅದೇ ಕೈ ತಲೆಯ ಮೇಲೆ. ಆದರೆ ಆ ಮಾತಿನ ಮೇಲೆ ಒರಗಿ ನಿಲ್ಲಬಾರದು ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ನಾಳೆ ಯಾವುದಾದರೂ ಫೋನ್ ಬಂದರೆ ನಾನೂ ಟೆನೆಂಟ್ ಆಗಬಹುದು. ಹತ್ತು ವರ್ಷದ ಮಗುವಿಗೆ ಇದು ದೊಡ್ಡ ತಿಳಿವಳಿಕೆ, ಬರಬಾರದಿತ್ತು. ಪಿಆರ್ ಬಂತು. ಅಪ್ಪ ಲಾಡು ತಂದರು, ನಾವು ತಿಂದೆವು. ಆ ಪಿಆರ್‌ನಿಂದಲೇ ನನ್ನ ಓದು, ಮದುವೆ, ಈ ಮನೆ ಎಲ್ಲ. ಅದನ್ನು ಅಲ್ಲಗಳೆಯುವಷ್ಟು ಕೃತಘ್ನೆ ನಾನಲ್ಲ. ತಮ್ಮ ಗಟ್ಟಿಮುಟ್ಟಾಗಿ ಬೆಳೆದ, ಅಮ್ಮ ಇನ್ನಷ್ಟು ವರ್ಷ ನಮ್ಮ ಜೊತೆ ಇದ್ದಳು, ಇದೆಲ್ಲ ದೇವರ ದಯೆ. ಒಂದೊಂದನ್ನೂ ದೀಪದ ಮುಂದೆ ನೆನೆಯುತ್ತೇನೆ. ನೆನೆಯುವಾಗ ಪ್ರತಿಯೊಂದರ ಹಿಂದೆಯೂ ಒಬ್ಬಳು ನಿಂತಿರುತ್ತಾಳೆ, ಕೈಯಲ್ಲಿ ಚೊಂಬು ಹಿಡಿದು. ಅವಳ ದ್ವೀಪದ ಬೆಟ್ಟ ಬೆಂಕಿ ಉಗುಳಿ ಮನೆಗಳ ಮೇಲೆಲ್ಲ ಬೂದಿ ಬಿದ್ದದ್ದನ್ನು ಟಿವಿಯಲ್ಲಿ ತೋರಿಸಿದ ದಿನ, ಆ ಬೂದಿಯಡಿ ಜೀಗುಜ್ಜೆಯ ಮರವಿದೆಯೇ, ಮರದ ಪಕ್ಕ ಶೆಡ್ಡೊಂದು ಕಾಣುತ್ತದೆಯೇ ಎಂದು ಹುಡುಕಿದೆ. ಏನೂ ಕಾಣಲಿಲ್ಲ. ಫೇಸ್‌ಬುಕ್ಕಿನಲ್ಲೂ ಸಿಕ್ಕಲಿಲ್ಲ.

ಪಿಆರ್ ಬಂದ ಮೇಲೆ ನಾವು ಮೆಲ್ಬರ್ನಿಗೆ ಬಂದೆವು. ಅಮ್ಮ ಇಲ್ಲೇ ತೀರಿಕೊಂಡಳು. ಅಪ್ಪ ಈಗ ಇದೇ ಊರಿನ ಕ್ಲೈಡ್ ನಾರ್ತ್‌ನಲ್ಲಿ ನನ್ನ ತಮ್ಮ ಸುದೀಪನ ಜೊತೆ ಇದ್ದಾರೆ. ಅಮ್ಮನ ವರ್ಷಾಂತಿಕದ ದಿನ ಬಂದವರ ಮುಂದೆ ಅಪ್ಪ ಕಣ್ಣೊರೆಸಿಕೊಂಡು ಹೇಳಿದರು: "ಇವನು ಹುಟ್ಟಿದಾಗ ಯಾರೂ ಇರ್ಲಿಲ್ಲ ಮಾರಾಯ್ರೆ. ಬಾಣಂತನ ಎಲ್ಲ ಅವಳೇ ಮಾಡಿಕೊಂಡಳು, ಒಬ್ಬಳೇ." ನಾನು ಪಕ್ಕದಲ್ಲೇ ಪಾಯಸ ಬಡಿಸುತ್ತಿದ್ದೆ. ಫೋನಿನಲ್ಲಿ ಒಮ್ಮೆ ಹೇಳಿದ್ದು ಅಲ್ಲಿಗೆ ಮುಗಿದಿರಲಿಲ್ಲ. ಅದು ವರ್ಷ ವರ್ಷ ಮನೆಯೊಳಗೇ ಬೆಳೆದು, ಈಗ ಅಮ್ಮನ ಹೆಸರಿನಲ್ಲಿ ನಮ್ಮ ಮನೆತನದ ಕಥೆಯಾಗಿತ್ತು. ಸುದೀಪ ಅದನ್ನೇ ನಂಬಿದ್ದಾನೆ. ತನ್ನ ಗೆಳೆಯರಿಗೆ "ಮಮ್ ಡಿಡ್ ಇಟ್ ಆಲ್ ಬೈ ಹರ್‌ಸೆಲ್ಫ್" ಎಂದು ಹೆಮ್ಮೆಯಿಂದ ಹೇಳುತ್ತಾನೆ. ಅಮ್ಮ ಬದುಕಿದ್ದರೆ ಆ ಹೊಗಳಿಕೆಯನ್ನು ಉಗುಳಿಬಿಡುತ್ತಿದ್ದಳು.

ಕಳೆದ ನವರಾತ್ರಿಯಲ್ಲಿ ಹೊಸತು ಉಣ್ಣಲು ಎಲ್ಲರನ್ನೂ ನಮ್ಮ ಮನೆಗೆ ಕರೆದೆ. ಕ್ರೇಗಿಬರ್ನ್ ತೊರೆಯ ಬದಿಯಲ್ಲೂ ಆ ಓಟ್ಸ್ ಹುಲ್ಲು ಬೆಳೆಯುತ್ತದೆ. ಬಾಗಿಲುಗಳಿಗೆಲ್ಲ ಕಟ್ಟಿದೆ. ಎಲೆ ಹಾಕುವಾಗ ಒಂದು ಹೆಚ್ಚು ಹಾಕಿ, ಅಪ್ಪನ ಎದುರಿಗೇ ಇಟ್ಟು ಬಡಿಸಿದೆ. ಮಗಳು ಇಶಾ ಕೇಳಿದಳು, "ಹೂ ಈಸ್ ದಟ್ ಫಾರ್, ಅಮ್ಮಾ? ಅಜ್ಜಿಗಾ?"

"ಅಲ್ಲ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ವರ್ಲಿನ್ ಅಂತ ನಿನ್ನ ದೊಡ್ಡಮ್ಮನಿಗೆ. ಅಜ್ಜಿಯ ಬಾಣಂತನ ಮಾಡಿದವಳು ಅವಳು. ನಿನ್ನ ಮಾಮನನ್ನು ದಿನಾ ಮೀಯಿಸಿದ್ದು ಅವಳೇ. ಅದಕ್ಕೇ ಅವಳ ಓದು ಹೋಯ್ತು."

ಸುದೀಪ ಅಪ್ಪನ ಕಡೆ ತಿರುಗಿ "ಡ್ಯಾಡ್?" ಎಂದ. ಅಪ್ಪ ಎಲೆಯ ಮೇಲಿನ ಅನ್ನವನ್ನು ನೋಡುತ್ತಿದ್ದರು, ಅಂದು ಲಿನೋಲಿಯಂ ನೋಡಿದ ಹಾಗೆ. ಕೂದಲು ಪೂರಾ ಬೆಳ್ಳಗಾಗಿದೆ, ಮುಂಗೈಯ ಸುಟ್ಟ ಗೆರೆಗಳು ಸುಕ್ಕಿನಲ್ಲಿ ಸೇರಿಹೋಗಿವೆ. ಹೌದು ಎನ್ನಲಿಲ್ಲ. ಆದರೆ ಈ ಸಲ ಇಲ್ಲ ಎಂದೂ ಹೇಳಲಿಲ್ಲ. ಅಷ್ಟನ್ನು ಸಣ್ಣ ದಯೆಯೆಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನನಗಿನ್ನೂ ತೀರ್ಮಾನವಾಗಿಲ್ಲ.

ಇಶಾಗೆ ಪದ್ಧತಿ ಗೊತ್ತು. ತಾತನನ್ನು ಕೇಳಿದಳು, ತನ್ನ ಅಪ್ಪನನ್ನು ಕೇಳಿದಳು, ಮಾಮನನ್ನು, ನನ್ನನ್ನು ಕೇಳಿದಳು. ಆಮೇಲೆ ತಾನಾಗಿಯೇ ಎದ್ದು ಹೋಗಿ, ಆ ಖಾಲಿ ಜಾಗದ ಮುಂದೆ ಮಂಡಿಯೂರಿ, "ಪೊಸ ಉಣ್ಪೆ, ದೊಡ್ಡಮ್ಮಾ" ಎಂದಳು. ಹೇಳಿ, ಉತ್ತರಕ್ಕೆ ಕಾದಳು. ಹಿರಿಯರು ಉಣ್ಲ ಎನ್ನದೆ ತುತ್ತು ಎತ್ತುವಂತಿಲ್ಲ ಎಂದು ನಾನೇ ಅವಳಿಗೆ ಕಲಿಸಿದ್ದೆ. ನನ್ನ ಕಡೆ ತಿರುಗಿ ಪಿಸುಮಾತಿನಲ್ಲಿ, "ಶೀ ಈಸ್ ನಾಟ್ ಸೇಯಿಂಗ್ ಎನಿಥಿಂಗ್" ಎಂದಳು. ನಾನೂ ಕಿವಿಗೊಟ್ಟೆ. ಫ್ರಿಜ್ಜಿನ ಸದ್ದು, ಹೊರಗೆ ಯಾರದೋ ಕಾರು. ಅವಳ ಪರವಾಗಿ ಆ ಮಾತನ್ನು ಹೇಳುವ ಹಕ್ಕು ಅಲ್ಲಿ ಕೂತಿದ್ದ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಎಲೆಯ ಮೇಲೆ ಅನ್ನದ ಹಬೆ ತೆಳ್ಳಗಾಗುತ್ತಾ ಬಂತು. ನಾವೆಲ್ಲ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆವು.